ಕುಂಟದ ಕಾಲಿಗೆ ಸಿಗದ ಪ್ರಮಾಣಪತ್ರ

ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಮಂಡಳಿಯ ಮುಖ್ಯಸ್ಥರೇ,

ನನ್ನ ಗಂಡ ದಯಾನಂದರಿಗೆ 'ಯಾವುದೇ ವೈಕಲ್ಯವಿಲ್ಲ' ಎಂದು ತಾವು ಬರೆದು ಕಳಿಸಿ ಎರಡು ತಿಂಗಳಾಯಿತು. ಇಷ್ಟು ಒಳ್ಳೆಯ ಸುದ್ದಿ ಕೊಟ್ಟವರಿಗೆ ಧನ್ಯವಾದ ಹೇಳದಿದ್ದರೆ ಹೇಗೆ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಪಕ್ಕದ ಮನೆಯ ಅನುಸೂಯಳ ಗಂಡ ಹನುಮಂತಯ್ಯನಿಗೂ ನನ್ನವರಿಗೂ ಒಂದೇ ವರ್ಷ ಲಕ್ವ ಹೊಡೆಯಿತು. ಅವನು ನಿಮ್ಮ ಮೇಜಿನ ತನಕ ಎಡಗಾಲು ಎಳೆದುಕೊಂಡು ಬಂದ. ಪ್ರಮಾಣಪತ್ರ, ಮಾಸಾಶನ, ಬಸ್ ಪಾಸು ಎಲ್ಲ ಸಿಕ್ಕಿತು. ಆ ಕುಂಟುಗಾಲಿನ ಮೇಲೆ ನನಗೆಷ್ಟು ಅಸೂಯೆ ಎಂದರೆ, ದೇವರ ಮುಂದೆ ಹೇಳಲೂ ನಾಚಿಕೆ. ನನ್ನವರ ಕೈಕಾಲು ಆರೇ ತಿಂಗಳಲ್ಲಿ ನೆಟ್ಟಗಾದವು. ಖುಷಿಗೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಆಮೇಲೆ ಫಿಟ್ಸ್ ಶುರುವಾಯಿತು, ಅದರ ಹಿಂದೆಯೇ ಮರೆವು. ಸದ್ದು ಕೇಳಿಯೇ ಟ್ರ್ಯಾಕ್ಟರಿನ ರೋಗ ಹೇಳುತ್ತಿದ್ದ ಮೆಕ್ಯಾನಿಕ್ ಮೂವತ್ತೊಂಬತ್ತನೇ ವಯಸ್ಸಿಗೇ ಸ್ಪ್ಯಾನರ್ ಹಿಡಿದು 'ಇದ್ಯಾಕೆ?' ಎನ್ನುತ್ತಾರೆ. ಲಕ್ವದ ನಂತರ ಫಿಟ್ಸ್ ಬಂದವರಿಗೆ ಹೀಗಾಗುವುದುಂಟು ಎಂದು ನರರೋಗದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ತಾವು ಬಿಚ್ಚಿಯೂ ನೋಡಲಿಲ್ಲ. 'ಕೈಕಾಲು ಆಡ್ತಾವಲ್ಲಮ್ಮ, ಇನ್ನೇನ್ ಬೇಕು?' ಎಂದಿರಿ. ಮಿದುಳು ತಮ್ಮ ಪಟ್ಟಿಯಲ್ಲಿ ಅಂಗವಲ್ಲವೇ ಸ್ವಾಮಿ?

'ಹೆಸರೇನು? ಯಾವೂರು? ಇವತ್ತು ಯಾವ ವಾರ?' ಎಂದು ಕೇಳಿದಿರಿ. ಮೂರಕ್ಕೂ ಸರಿಯಾಗಿಯೇ ಹೇಳಿದರು. ಹೇಳದೆ ಏನು? ನಾಲ್ಕು ದಿನ ಎದುರು ಕೂರಿಸಿಕೊಂಡು ಉರು ಹೊಡೆಸಿದವಳು ನಾನು. ದೊಡ್ಡವರ ಮುಂದೆ ನನ್ನ ಗಂಡ ಪೆದ್ದನಂತೆ ನಿಲ್ಲಬಾರದು ಎಂಬ ಹಾಳು ಅಭಿಮಾನ. ಹೊಳಲ್ಕೆರೆ ದಾಟಿದ ಮೇಲೂ ಬಸ್ಸಿನಲ್ಲಿ 'ಇವತ್ತು ಮಂಗ್ಳಾರ. ಎಲ್ಲಿ, ಇನ್ನೊಂದ್ಸಲ ಹೇಳ್ರಿ' ಎನ್ನುತ್ತಲೇ ಬಂದೆ. ಶಿಷ್ಯ ಪಾಸಾದರು, ಸಂಸಾರ ಫೇಲಾಯಿತು.

ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಹನುಮಂತಯ್ಯ ಕೂಗುತ್ತಾನೆ: 'ಲೇ ಅನುಸೂಯ, ಉಪ್ಪೆಲ್ಲೈತೆ ಇದ್ರಾಗೆ?' ಅವಳು ಅವನ ವಂಶವನ್ನೆಲ್ಲ ಜಾಲಾಡುತ್ತಾಳೆ. ನಾನು ಒಲೆಯ ಮುಂದೆ ಕುಳಿತು ಉರಿದುಹೋಗುತ್ತೇನೆ. ಮಾಸಾಶನಕ್ಕಿಂತ ಆ ಬೈಗುಳದ ಮೇಲೆಯೇ ಈಗೀಗ ನನ್ನ ಕಣ್ಣು.

ನನ್ನ ಬೇಡಿಕೆ ಇಷ್ಟೇ. ನನ್ನವರನ್ನು ಇನ್ನೊಮ್ಮೆ ಕರೆಯಿರಿ, ನರರೋಗದ ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಸಲ ಏನನ್ನೂ ಹೇಳಿಕೊಡುವುದಿಲ್ಲ, ಆಣೆ. 'ನಿಮ್ಮ ಜೊತೆ ಬಂದಿರುವವರು ಯಾರು?' ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಇದಕ್ಕೆ ಉತ್ತರವನ್ನು ನಾನು ಆಗಲೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದೀತೆಂದು ನನಗೆ ಹೊಳೆದಿರಲೇ ಇಲ್ಲ.

ಇಂತಿ,
ಗಂಡನಿಂದ ಈಗ 'ಟೀಚರ್' ಎಂದು ಕರೆಸಿಕೊಳ್ಳುವ
ನೇತ್ರಾವತಿ
ರಾಮಗಿರಿ