ಡೇರೆಯ ಅಜ್ಜಿ ಕೊಟ್ಟ ಚಹಾ

ಅವ್ವಾ,

ಮಣ್ಣಿಗೆ ಹೋದವಳಿಗೆ ಪತ್ರ ಬರೆಯೋ ಹುಚ್ಚ ನಾನೊಬ್ಬನೇ ಇರಬೇಕು. ಬೇರೆ ಯಾರಿಗೆ ಹೇಳಲಿ?

ಮರುಭೂಮಿ ಓಟದ ನಾಲ್ಕನೇ ದಿನ ಇವತ್ತು. ಪಾದದ ಬೊಕ್ಕೆಗಳು ಒಡೆದು ಕಾಲುಚೀಲ ಚರ್ಮಕ್ಕೆ ಕಚ್ಚಿಕೊಂಡಿತ್ತು. ಇನ್ನೊಂದೇ ದಿಬ್ಬ, ಇನ್ನೊಂದೇ ದಿಬ್ಬ ಅಂತ ಕಾಲಿಗೆ ಸುಳ್ಳು ಹೇಳಿಕೊಂಡು ಓಡುತ್ತಿದ್ದೆ. ಝಗೋರಾ ಊರಿನ ಆಚೆ ಒಂದು ಕಪ್ಪು ಡೇರೆ ಕಂಡಿತು, ನೀನು ನನ್ನನ್ನು ಸಾಕಿದ ಡೇರೆಯ ಥರದ್ದೇ. ಅಜ್ಜಿಯೊಬ್ಬಳು ಚಹಾದ ಲೋಟ ಹಿಡಿದು ದಾರಿಗೇ ಬಂದು ನಿಂತಳು.

"ಕುಡಿಯೋ ಮಗನೇ. ಯಾರ ಮನೆಯವನೋ? ಮುಖ ಬಾಡಿಹೋಗಿದೆಯಲ್ಲೋ!" ಅಂದಳು, ನಮ್ಮ ಅಮಾಜಿಗ್ ಮಾತಿನಲ್ಲೇ.

ಹೊರಗಿನವರಿಂದ ಹನಿ ನೀರು ಕುಡಿದರೂ ಓಟಗಾರರಿಗೆ ಸಮಯದ ದಂಡ, ಆರನೇ ಸ್ಥಾನ ಕೈತಪ್ಪುತ್ತಿತ್ತು. ಬೇಡ ಅನ್ನೋಣವೆಂದರೆ, ಡೇರೆಯವರ ಚಹಾ ಬೇಡ ಅನ್ನೋದು ಅವರ ಮುಖಕ್ಕೆ ಉಗಿದ ಹಾಗೆ. ಅದಕ್ಕೇ ಮಾತು ತಿಳಿಯದವನ ಹಾಗೆ ತಲೆಯಾಡಿಸಿ, ಫ್ರೆಂಚಿನಲ್ಲಿ "ಕ್ಷಮಿಸಿ ಮೇಡಂ" ಅಂದು ಓಡಿದೆ.

ಹಿಂದೆ ಮೊಮ್ಮಗಳು ಕಿಸಕ್ಕನೆ ನಕ್ಕಳು. ಅಜ್ಜಿ ಗದರಿದ್ದು ಕೇಳಿಸಿತು: "ನಗಬೇಡ ಕಣೇ. ಪಾಪ, ಯಾವ ದೇಶದವನೋ. ಅವರವ್ವ ಕಲಿಸದಿದ್ದರೆ ಅವನೇನು ಮಾಡ್ತಾನೆ?"

ಈಗ ಓಟದವರ ಬಿಡಾರದಲ್ಲಿ ಪಕ್ಕ ಮಲಗಿರೋ ಇದ್ದರ್ ಅನ್ನೋ ಗೆಳೆಯ, "ಆರನೆಯವನಾಗಿದ್ದೀಯ, ಯಾಕೋ ಹೆಣದ ಮುಖ?" ಅಂತ ಕೇಳುತ್ತಿದ್ದಾನೆ. ಕಾಲು ನೋವು ಅಂದೆ.

ನಮ್ಮವ್ವ ಕಲಿಸಿದ್ದಳು ಅಂತ ತಿರುಗಿ ಕೂಗಬಹುದಿತ್ತು. ಕೂಗಿದ್ದರೆ ನಾನೂ ಡೇರೆಯವನೇ ಅಂತ ಗೊತ್ತಾಗಿಬಿಡುತ್ತಿತ್ತು. ಕಲಿಸಲಿಲ್ಲ ಅನ್ನೋ ಮಾತು ನಿನ್ನ ಮೇಲೆ ಬಂತು. ಬರಲಿ ಅಂತ ಬಿಟ್ಟು ಓಡಿದೆ, ಅವ್ವಾ.