ತರಗತಿಯಲ್ಲಿ ಕಾವಿಗೆ ಕೂತ ಕೋಳಿ

ದಾವಣಗೆರೆ
೧೨-೨-೧೯೫೮

ಪ್ರೀತಿಯ ಖತೀಜಾ,

ಸಲಾಂ. ಜ್ವರ ಪೂರ್ತಿ ಬಿಟ್ಟಿತೇ? ಊಟ ಸೇರುತ್ತಿದೆಯೇ? ನಲವತ್ತು ದಿನ ತುಂಬುವವರೆಗೆ ತಣ್ಣೀರಿಗೆ ಕೈ ಹಾಕಬೇಡ. ಹರಿಹರ ಒಂಬತ್ತೇ ಮೈಲಿ, ಭಾನುವಾರ ತಪ್ಪದೆ ಬರುತ್ತೇನೆ. ಆದರೆ ನಿಮ್ಮಮ್ಮಿ ಬಾಗಿಲಲ್ಲೇ ಕೂತಿರುತ್ತಾರೆ, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಚಹಾ ಕುಡಿದು ಎದ್ದು ಬರುತ್ತೇನೆ. ಮೊನ್ನೆ ಲೋಟದ ಕೆಳಗೆ ನೀನಿಟ್ಟ ಚೀಟಿ ಸಿಕ್ಕಿತು. ಮಗು ಹೆಣ್ಣೋ ಗಂಡೋ, ಮುಖ ನೋಡಿದಿರಾ ಎಂದು ಕೇಳಿದ್ದೀಯ. ನಿನಗೆ ಎಚ್ಚರ ಬರುವ ಮೊದಲೇ ಬಟ್ಟೆ ಸುತ್ತಿ ಒಯ್ದುಬಿಟ್ಟೆವು. ಹೇಳಿದರೆ ಅದನ್ನೇ ನೆನೆದು ಕೊರಗುತ್ತಾಳೆ ಎಂದು ನಿಮ್ಮಮ್ಮಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಅವರಿಗೆ ಕನ್ನಡ ಓದಲು ಬಾರದು, ಅದೊಂದೇ ಧೈರ್ಯದಿಂದ ಇಷ್ಟು ಬರೆದೆ.

ನಿನ್ನ ಕೋಳಿಯ ಸುದ್ದಿ ಕೇಳು. ನೀನು ಹೆರಿಗೆಗೆ ಹೋದ ಮೇಲೆ ಅದು ಕಾವಿಗೆ ಕೂತಿತು. ಪ್ರಕೃತಿ ಪಾಠವನ್ನು ಜೀವವಿರುವುದನ್ನೇ ಮುಂದಿಟ್ಟುಕೊಂಡು ಹೇಳಬೇಕೆಂದು ಟ್ರೇನಿಂಗಿನಲ್ಲಿ ಕಲಿಸಿದ್ದರಲ್ಲ, ಹತ್ತು ತತ್ತಿ, ಬುಟ್ಟಿ ಸಮೇತ ಅದನ್ನು ನಾಲ್ಕನೇ ತರಗತಿಗೆ ಒಯ್ದೆ. ಹೆಡ್‌ಮಾಸ್ತರ್ ಮಲ್ಲೇಶಪ್ಪನವರು ಲಿಂಗವಂತರು, ತತ್ತಿ ಎಂಬ ಮಾತೂ ಅವರ ಬಾಯಿಗೆ ಬಾರದು. “ಆ ಬಿಳೀದನ್ನ ಸರಸ್ವತಿ ಪಟದ ಹತ್ರ ಮಾತ್ರ ಇಡಬ್ಯಾಡ್ರಿ ಮಾಸ್ತರ” ಎಂದು ಮೂಗಿಗೆ ವಸ್ತ್ರ ಹಿಡಿದುಕೊಂಡೇ ಒಪ್ಪಿದರು. ಕಿಟಕಿ ಮುಚ್ಚಿ, ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿಗೆ ತತ್ತಿ ಹಿಡಿದರೆ ಒಳಗೆ ಕೆಂಪು ಎಳೆಗಳು ಕಾಣುತ್ತಿದ್ದವು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದವು. ಏಳನೇ ದಿನ ಒಂದನ್ನು ಒಡೆದು ತೋರಿಸಬೇಕು, ತೋರಿಸಿದೆ. ಹದಿನಾಲ್ಕನೇ ದಿನ ಇನ್ನೊಂದನ್ನು ಒಡೆಯಬೇಕಿತ್ತು. ಅಷ್ಟರಲ್ಲಿ ಹರಿಹರದಿಂದ ಕರೆ ಬಂತು. ಮಗುವನ್ನು ಮಣ್ಣು ಮಾಡಿ ಬಂದವನಿಗೆ ತತ್ತಿ ಒಡೆಯಲು ಕೈ ಏಳಲಿಲ್ಲ. ತಲೆನೋವೆಂದು ಸುಳ್ಳು ಹೇಳಿ ಮಕ್ಕಳಿಗೆ ಮಗ್ಗಿ ಬರೆಯಲು ಕೊಟ್ಟೆ.

ಇಪ್ಪತ್ತೊಂದನೇ ದಿನಕ್ಕೆ ಏಳು ಮರಿಯಾದವು. ಎರಡು ತತ್ತಿ ಹಾಗೇ ಉಳಿದವು. ಮಕ್ಕಳು ಅಳಬಾರದೆಂದು, ಮರುದಿನ ಅವು ಬರುವ ಮೊದಲೇ ಎರಡನ್ನೂ ಎತ್ತಿ ಹುಣಸೆ ಮರದ ಬುಡದಲ್ಲಿ ಹೂತೆ. ಕೋಳಿ ಮರಿಗಳನ್ನು ಬಿಟ್ಟು ಮತ್ತೆ ಮತ್ತೆ ಬುಟ್ಟಿ ಹತ್ತಿ ಹುಲ್ಲು ಕೆದರತೊಡಗಿತು. ಮುಂದಿನ ಸಾಲಿನಲ್ಲಿ ಕೂರುವ ನಿಟ್ಟುವಳ್ಳಿಯ ಹುಡುಗಿ ಅಂಜಿನವ್ವ ಎದ್ದು ನನ್ನನ್ನೇ ಗದರಿದಳು: “ಅದಕ್ಕ ತೋರಿಸದಂಗ ಯಾಕ ಒಯ್ದ್ರಿ ಸಾ? ಹುಡುಕ್ತೈತೆ ನೋಡ್ರಿ. ನಮ್ಮವ್ವ ಸತ್ತ ಕರಾನೂ ಎಮ್ಮಿ ಮುಂದಿಟ್ಟು ಮೂಸಾಕ ಬಿಡ್ತಾಳ. ಆಮ್ಯಾಲೆ ಅದು ಸುಮ್ಮನಾಗ್ತೈತೆ.” ಬೋರ್ಡಿನ ಕಡೆ ತಿರುಗಿ ನಿಂತು ಅತ್ತುಬಿಟ್ಟೆ ಖತೀಜಾ.

ನಿಮ್ಮಮ್ಮಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಅವರಿಗೆ ನನ್ನ ಸಲಾಂ ತಿಳಿಸು. ಅಲ್ಲಾಹನು ನಿನ್ನ ಮೈಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ
ಜಮಾಲುದ್ದೀನ್

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಹೆಣ್ಣು ಮಗು. ಒಯ್ಯುವಾಗ ಬಟ್ಟೆ ಸರಿಸಿ ನೋಡಿದೆ. ತಲೆತುಂಬ ಕೂದಲು, ಗದ್ದ ನಿನ್ನದೇ. ಮಣ್ಣಿಗಿಡುವ ಮೊದಲು ಕಿವಿಯಲ್ಲಿ ಮೆಲ್ಲಗೆ ಶಹಜಾದಿ ಎಂದು ಕರೆದೆ. ನಿನ್ನನ್ನು ಕೇಳದೆ ಇಟ್ಟ ಹೆಸರು. ನಿನ್ನ ಮನಸ್ಸಿನಲ್ಲಿ ಬೇರೆ ಇದ್ದರೆ ಬರೆ, ಅದೇ ಇರಲಿ.