ಎರಡನೇ ಕೋಟ್

ಜುಲೈ 7, ಸೋಮವಾರ. ಮಧ್ಯಾಹ್ನ 3.20

ಡಾಕ್ಟರಿಗೆ ಒಂದು ವಿಷಯ ಹೇಳದೆ ಎದ್ದು ಬಂದೆ. ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ನನಗೆ ಈಗ ಬರುತ್ತಿರುವ ತಲೆನೋವನ್ನು ಮಾರ್ಚ್ ತಿಂಗಳಲ್ಲೇ ಒಬ್ಬಳು ನನ್ನ ಮೇಜಿನ ಮುಂದೆ ನಿಂತು ವಿವರಿಸಿದ್ದಳು. ಊಟದ ಬಿಡುವು ಮುಗಿದು ಒಂದು ಗಂಟೆಗೆ ಶುರು. ಹುಬ್ಬಿನ ಮೇಲೆ ಬಿಗಿ. ನಾಲ್ಕರ ಹೊತ್ತಿಗೆ ವಾಕರಿಕೆ. ಮನೆ ಸೇರಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ಫಿರೋಜಾ ಅಂತ, ನಮ್ಮ ಪೇಂಟಿಂಗ್ ರೂಮಿನವಳು. ಈಗ ಕೆಲಸದಲ್ಲಿಲ್ಲ.

ಡಾಕ್ಟರು ಬರೆದಿಡಲು ಹೇಳಿದ್ದು ಬೇರೆ — ನೋವು ಬಂದ ಗಂಟೆ, ತಿಂದದ್ದು, ಕುಡಿದ ನೀರು, ಕಂಪ್ಯೂಟರ್ ನೋಡಿದ ಹೊತ್ತು, ಮುಟ್ಟಿನ ದಿನ. ಅದೆಲ್ಲ ಫೋನಿನಲ್ಲಿದೆ. ಅವರಿಗೆ ತೋರಿಸಲಾಗದ್ದು ಈ ನೋಟ್‌ಬುಕ್ಕಿಗೆ.

ಹದಿನಾಲ್ಕು ವರ್ಷದಿಂದ ಚನ್ನಪಟ್ಟಣದ ಈ ಗೊಂಬೆ ಯೂನಿಟ್‌ನ ಆಫೀಸು ನನ್ನದು. ಆರ್ಡರ್, ಹಾಜರಿ, ಹೊರದೇಶದ ಪಾರ್ಟಿಗಳಿಗೆ ಇಂಗ್ಲಿಷ್ ಪತ್ರ. ಮೇ ಕೊನೆಯಲ್ಲಿ ಆಫೀಸಿನ ಚಾವಣಿಯ ಶೀಟು ಬದಲಿಸುತ್ತೇವೆಂದು ನನ್ನ ಮೇಜನ್ನು ಪೇಂಟಿಂಗ್ ರೂಮಿನ ಪಕ್ಕ, ಪ್ಲೈವುಡ್ ಗೋಡೆಯ ಈಚೆಗೆ ತಂದಿಟ್ಟರು. ತಲೆನೋವು ಜೂನ್‌ನಿಂದ.

ಎರಡನ್ನೂ ಅಕ್ಕಪಕ್ಕ ಬರೆದೆ. ಡಾಕ್ಟರ ಮುಂದೆ ಅಕ್ಕಪಕ್ಕ ಬರಲಿಲ್ಲ.

ಜುಲೈ 9, ಬುಧವಾರ. ಸಂಜೆ

ಕನ್ನಡಕದ ನಂಬರು ಕಾಲು ಪಾಯಿಂಟ್ ಏರಿದೆ. ಹೊಸದು ಬರಲು ವಾರ ಬೇಕು. ನನ್ನ ಗಂಡ ಲೋಕೇಶ್ ಬಿಡದಿಯ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಬಂದಿದ್ದರು. ಸೋಫಾದಲ್ಲಿ ಕಾಲು ಚಾಚಿಕೊಂಡೇ —

"ನಲವತ್ನಾಲ್ಕು ಆಯ್ತಲ್ಲ ಶ್ವೇತ. ಗಾಡಿ ಸರ್ವೀಸಿಗೆ ಬಂದೈತೆ, ಅಷ್ಟೇ."

"ನಿಮ್ಮ ಗಾಡಿ ಸರ್ವೀಸ್ ಆಗಿದ್ಯಾ?"

"ನಮ್ದು ಲೈನೇ ನಿಂತೋಗಿ ವರ್ಷ ಆಯ್ತು. ಯಾರೂ ನೋಡ್ಕಂಡಿಲ್ಲ."

ನಗಿಸುತ್ತಾರೆ. ನಕ್ಕರೆ ಹಣೆ ಎಳೆಯುತ್ತದೆ.

ಅಮ್ಮ ಹೇಳಿದಂತೆ ಶುಂಠಿ ತೇಯ್ದು ಪಟ್ಟು ಹಾಕಿದೆ. ಹಣೆ ಉರಿಯಿತು. ನೋವು ಇದ್ದಲ್ಲೇ ಇತ್ತು. ಟೀ ಬಿಟ್ಟು ನೋಡಿದೆ, ಹೆಚ್ಚು ಕುಡಿದೂ ನೋಡಿದೆ. ಮಜ್ಜಿಗೆ ಆಯ್ತು. ಊಟ ಹನ್ನೆರಡೂವರೆಗೇ ಮಾಡಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಬಂತು.

ಜುಲೈ 11, ಶುಕ್ರವಾರ. 4.45

ಇವತ್ತು ಹಣೆ ಹಿಡಿದುಕೊಂಡು ಕೂತಿದ್ದೆ. ಓನರ್ ರೇಣುಕಾಪ್ರಸಾದ್ ಒಳಗೆ ಬಂದವರು ನೋಡಿ, "ಏನಮ್ಮ ಶ್ವೇತ, ನೀನೂ ರೋಜಾ ಹಿಡಿದ್ಯಾ?" ಅಂದರು. ಪ್ಯಾಕಿಂಗ್‌ನವರು ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಮೊದಲು ನಕ್ಕವಳು ನಾನೇ ಇರಬೇಕು.

ಉಪವಾಸದ ಆ ತಮಾಷೆ ಹುಟ್ಟಿದ್ದು ನನ್ನಿಂದ. ಬರೆದುಬಿಡುತ್ತೇನೆ.

ಫೆಬ್ರವರಿಯಲ್ಲಿ ಹೊಸ ಆರ್ಡರ್ ಬಂತು. ಮಕ್ಕಳ ಅಕ್ಷರದ ಹಲಗೆಗಳು. ಲೇತ್‌ನಲ್ಲಿ ತಿರುಗುವ ಸಾಮಾನಿಗಷ್ಟೇ ಅರಗು ಹಿಡಿಯುತ್ತದೆ, ಚಪ್ಪಟೆ ಹಲಗೆಗೆ ಪೇಂಟೇ ಆಗಬೇಕು. ಪ್ಯಾಕಿಂಗ್‌ನಲ್ಲಿದ್ದ ಫಿರೋಜಾಳನ್ನು ಮಾರ್ಚ್ 3ಕ್ಕೆ ಪೇಂಟಿಂಗ್‌ಗೆ ಹಾಕಿದೆವು. ರಂಜಾನ್ ಉಪವಾಸ ಶುರುವಾಗಿದ್ದು ಅದರ ಹಿಂದಿನ ದಿನ. ಆ ವಾರದಿಂದಲೇ ತಲೆನೋವು ಅಂದಳು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನೀರಿಲ್ಲ, ಟೀ ಇಲ್ಲ, ಬಿಸಿಲು ಬೇರೆ — ಇನ್ನೇನಾಗುತ್ತದೆ ಎಂದೆ.

"ಭಾನುವಾರನೂ ರೋಜಾ ಇರ್ತೀನಿ ಮೇಡಂ. ಅವತ್ತು ತಲೆನೋವು ಬರಲ್ಲ."

"ಭಾನುವಾರ ರೆಸ್ಟ್ ಇರತ್ತಲ್ಲಮ್ಮ, ಅದಕ್ಕೆ."

ಎಷ್ಟು ಬೇಗ ಉತ್ತರ ಕೊಟ್ಟೆ.

ಕೆಲಸ ಮಾಡುವಷ್ಟು ದಿನ ಉಪವಾಸ ಬಿಡು ಎಂದೆ. ಕೆಲಸ ಉಳಿಯಬೇಕಾದರೆ ಬಿಡಬೇಕು ಎನ್ನುವಂತೆಯೇ ಹೇಳಿದೆ. ಮಾರನೆಯ ದಿನ ನನ್ನ ಬಾಟಲಿಯಿಂದ ನೀರು ಬಗ್ಗಿಸಿ, ಎರಡು ಬಿಸ್ಕತ್ತು ಕೊಟ್ಟೆ. ಗೋಡೆ ಕಡೆ ತಿರುಗಿ ಕುಡಿದಳು. ಅವತ್ತು ಸಂಜೆ ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ನನಗೆ. ಅದು ಚೆನ್ನಾಗಿ ನೆನಪಿದೆ.

ಉಪವಾಸ ಬಿಟ್ಟಳು. ತಲೆನೋವು ಬಿಡಲಿಲ್ಲ. "ಮೈ ಸೆಟ್ ಆಗೋಕೆ ಟೈಮ್ ಬೇಕು" ಎಂದೆ. ಮಾರ್ಚ್ 26ರಂದು ವಾಂತಿ ಮಾಡಿಕೊಂಡಳು. ಓನರ್ ಕಳಿಸಿಬಿಡು ಎಂದರು. ಕೆಲಸದಿಂದ ತೆಗೆದ ಕಾಗದ ಟೈಪ್ ಮಾಡಿದ್ದು ನಾನು, ಇಂಗ್ಲಿಷಿನಲ್ಲಿ. ಕಾರಣದ ಜಾಗದಲ್ಲಿ — 'ಫಾಸ್ಟಿಂಗ್ ರಿಲೇಟೆಡ್ ವೀಕ್‌ನೆಸ್'. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಕನ್ನಡದಲ್ಲಿ ಬರೆಯಬೇಕಾಗಿ ಬಂದಿದ್ದರೆ, ಇದು ನಿನಗೆ ಹೇಗೆ ಗೊತ್ತು ಎಂದು ಕೈ ನಿಲ್ಲುತ್ತಿತ್ತೇನೋ. ಗೊತ್ತಿಲ್ಲ. ನಿಲ್ಲದೆಯೂ ಇರಬಹುದು.

ಜುಲೈ 15, ಮಂಗಳವಾರ

ಮಧ್ಯಾಹ್ನ ಪೇಂಟಿಂಗ್ ರೂಮಿಗೆ ಹೋದೆ. ಮೂವರು ಹೆಂಗಸರು. ಕಿಟಕಿ ಎರಡೂ ಮುಚ್ಚಿದ್ದವು. ಥಿನ್ನರ್ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆಯಿತು. ಬಣ್ಣದ ಎರಡನೇ ಕೋಟ್ ನಡೆದಿತ್ತು. ಅವರಲ್ಲಿ ಶೀಬಾಳನ್ನು ಕೇಳಿದೆ, ನಿಮಗೂ ತಲೆನೋವು ಬರುತ್ತಾ ಅಂತ. ಅವಳು ಬ್ರಷ್ ಕೆಳಗಿಡಲಿಲ್ಲ.

"ಇಲ್ಲ ಮೇಡಂ."

"ಮತ್ತೆ ಆ ಬಾಮ್ ಡಬ್ಬಿ?"

"ಅದು ಸೊಳ್ಳೆಗೆ."

ಉಳಿದಿಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುವಿಗೋ ವಾಸನೆಗೋ. ಹೊರಡುವಾಗ ಶೀಬಾ ಬೆನ್ನ ಹಿಂದೆ, "ಹೇಳಿದ್ರೆ ನಮಗೂ ಒಂದು ಪೇಪರ್ ಟೈಪ್ ಮಾಡ್ಬುಡ್ತೀರ" ಅಂದಳು. ಜೋರಾಗಿ ಅಲ್ಲ. ಕೇಳಿಸುವಷ್ಟು.

ಎರಡು ಗಂಟೆಗೆ ಮೂವರೂ ಮಾತ್ರೆ ನುಂಗುತ್ತಾರಂತೆ. ಲೇತ್ ಹತ್ತಿರದ ದಾಸಪ್ಪನವರು ಹೇಳಿದರು. ಅವರು ಅರಗಿನ ಕಡ್ಡಿಯನ್ನು ತಿರುಗುವ ಬುಗುರಿಗೆ ಒತ್ತಿ ಹಿಡಿದು, ನನ್ನ ಕಡೆ ನೋಡದೆ —

"ನಲವತ್ತು ವರ್ಸ ಅರಗು ಹಚ್ಚಿವ್ನಿ ಕಣವ್ವ. ಕೈ ಸುಟ್ಕಂಡಿವ್ನಿ. ತಲೆ ನೋಯಿಸ್ಕಂಡಿಲ್ಲ. ಆ ರೂಮ್ತಾವ ಒಸಿ ನಿಂತ್ರೆ ನಂಗೇ ತಿರುಗ್ತದೆ. ಕಿಟಕಿ ಯಾಕೆ ಮುಚ್ಚದು ಅಂತೀನಿ."

ಯಾಕೆಂದು ನನಗೆ ಗೊತ್ತು. ಬೆಳಿಗ್ಗೆಯ ಮೊದಲ ಕೋಟ್ ತೆಳು, ಮೇಲೆ ಉಜ್ಜುತ್ತಾರೆ, ಧೂಳು ಕೂತರೂ ನಡೆಯುತ್ತದೆ. ಊಟದ ನಂತರದ್ದು ಹೊಳಪಿನ ಕೋಟ್. ಅದು ಹಸಿ ಇರುವಾಗ ರಸ್ತೆಯ ಧೂಳು ಕೂತರೆ ಪೀಸ್ ರಿಜೆಕ್ಟ್. ಹಾಗಾಗಿ ಮಧ್ಯಾಹ್ನ ಒಂದರಿಂದ ಐದರವರೆಗೆ ಕಿಟಕಿ ತೆರೆಯಬಾರದು ಎಂಬ ನೋಟೀಸ್ ಗೋಡೆಯ ಮೇಲಿದೆ. ಲ್ಯಾಮಿನೇಟ್ ಮಾಡಿಸಿ ಅಂಟಿಸಿದವಳು ನಾನು. ಫೆಬ್ರವರಿಯಲ್ಲಿ.

ಆಗಸ್ಟ್ 4, ಸೋಮವಾರ

ಮೂರು ವಾರ ಬರೆಯಲಿಲ್ಲ. ಬರೆದರೆ ಮುಂದಿನ ಹೆಜ್ಜೆ ಇಡಬೇಕಾಗುತ್ತದೆ.

ಹೊಸ ಕನ್ನಡಕ ಬಂತು. ಅಕ್ಷರ ಚೆನ್ನಾಗಿ ಕಾಣುತ್ತದೆ. ತಲೆನೋವು ಎರಡೂ ಹತ್ತಕ್ಕೆ. ಫೋನಿನಲ್ಲಿ ಬರೆದದ್ದನ್ನು ಡಾಕ್ಟರಿಗೆ ತೋರಿಸಲು ತೆಗೆದೆ. ಪ್ರತಿ ಭಾನುವಾರದ ಎದುರು ಒಂದೇ ಪದ: ಇಲ್ಲ. ಇಲ್ಲ. ಇಲ್ಲ. ಇಲ್ಲ.

ಆಗಸ್ಟ್ 6, ಬುಧವಾರ. 5.30

ಗಾಳಿಗೆ ಬಡಿದು ಪೇಂಟಿಂಗ್ ರೂಮಿನ ಕಿಟಕಿಯೊಂದು ಕೀಲು ಕಿತ್ತುಕೊಂಡು ನೇತಾಡಿತು. ಇಡೀ ಮಧ್ಯಾಹ್ನ ತೆರೆದೇ ಇತ್ತು. ಹನ್ನೊಂದು ಪೀಸ್ ರಿಜೆಕ್ಟ್.

ತಲೆನೋವು ಬರಲಿಲ್ಲ. ಎರಡೂ ಹತ್ತು, ಎರಡೂವರೆ, ಮೂರು — ಕಾಯುತ್ತಾ ಕೂತೆ. ಬರಲಿಲ್ಲ. ಶೀಬಾ ಹಾಡು ಗುನುಗುತ್ತಿದ್ದದ್ದು ಪ್ಲೈವುಡ್ ಆಚೆಯಿಂದ ಕೇಳಿಸುತ್ತಿತ್ತು. ಅವಳಿಗೆ ಹಾಡಲು ಬರುತ್ತದೆಂದು ಗೊತ್ತಿರಲಿಲ್ಲ.

ನಾಳೆ ಕೀಲು ಹಾಕುತ್ತಾರೆ. ಮರಗೆಲಸದವರಿಗೆ ಇಲ್ಲಿ ಬರವೇ.

ಆಗಸ್ಟ್ 17, ಭಾನುವಾರ. ಸಂಜೆ 6

ಫಿರೋಜಾ ಮನೆಗೆ ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋಗಿದ್ದು. ಬಾಳೆಹಣ್ಣು, ಒಂದು ಡಬ್ಬಿ ಮೈಸೂರ್ ಪಾಕ್.

ಬಾಗಿಲಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಇನ್ನೊಂದು ಯೂನಿಟ್‌ಗೆ ಕೆಲಸ ಕೇಳಲು ಹೋಗಿದ್ದಳಂತೆ. ನನ್ನ ಕಾಗದ ಓದಿ, ವರ್ಷಕ್ಕೊಂದು ತಿಂಗಳು ಕೈ ಕೊಡುವವಳು ಬೇಡ ಎಂದರಂತೆ. ಅದನ್ನು ಹೇಳಿದ್ದು ಅವಳಲ್ಲ, ಅವಳ ಅತ್ತೆ. ದೂರು ಹೇಳುವ ಧಾಟಿಯೇನೂ ಇರಲಿಲ್ಲ. ನನಗೇ ಕುರ್ಚಿ ಒರೆಸಿ ಕೊಟ್ಟರು.

"ತಲೆನೋವು ಈಗಿಲ್ಲ ಮೇಡಂ, ನಿಮ್ಮ ದಯೆ. ಇವ್ಳಿಗೆ ಮೈಯಲ್ಲಿ ತ್ರಾಣ ಇಲ್ಲ. ಬಿಟ್ಟ ರೋಜಾನ ಈಗ ಬೇರೆ ದಿನ ಇದ್ದು ತೀರಿಸ್ತೀನಿ ಅಂತಾಳೆ, ನಾನೇ ಬ್ಯಾಡ ಅಂದೆ. ಮುಂದಿನ ರಂಜಾನ್‌ಗೂ ಬ್ಯಾಡ. ಅಷ್ಟು ಓದಿರೋರು ಬರ್ದವ್ರೆ, ಸುಮ್ನೆ ಬರೀತಾರಾ."

ಫಿರೋಜಾ ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು. ನನ್ನನ್ನು ಒಮ್ಮೆ ನೋಡಿದಳು. ನಾನು ಟೀ ಕುಡಿದೆ. ಟೀ ಚೆನ್ನಾಗಿದೆ ಎಂದೆ. ಎದ್ದು ಬಂದೆ.

ಹೇಳಲಿಲ್ಲ. ಅತ್ತೆ ಇದ್ದರು, ಹೇಗೆ ಹೇಳುವುದು ಎಂದು ಬಸ್‌ಸ್ಟ್ಯಾಂಡ್‌ವರೆಗೂ ಸಮಜಾಯಿಷಿ ಕೊಟ್ಟುಕೊಂಡೆ. ಅತ್ತೆ ಇದ್ದದ್ದರಿಂದಲೇ ಅಲ್ಲವೇ ಹೇಳಬೇಕಾಗಿದ್ದುದು.

ಆಗಸ್ಟ್ 30, ಶನಿವಾರ. 1.15

ಗಣೇಶನ ಹಬ್ಬ ಕಳೆಯಲಿ ಎಂದು ಕಾದೆ. ಇವತ್ತು ಓನರ್ ಹತ್ತಿರ ಮಾತಾಡಿದೆ. ಭಾನುವಾರಗಳ ಪಟ್ಟಿ, ಕಿಟಕಿ ತೆರೆದಿದ್ದ ದಿನ, ಮೂವರ ಮಾತ್ರೆ, ಎಲ್ಲ. ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ.

"ಎಕ್ಸಾಸ್ಟ್ ಫ್ಯಾನ್ ಹಾಕಿಸೋಣ. ದಸರಾ ಆಗ್ಲಿ."

"ಫಿರೋಜಾಗೆ ಕೊಟ್ಟ ಕಾಗದ ತಪ್ಪು ಸರ್. ತಿದ್ದಿ ಇನ್ನೊಂದು ಕೊಡಬೇಕು."

"ಅದ್ಯಾಕಮ್ಮ ಈಗ ಕೆದಕ್ತೀಯ. ನಾನು ಡಾಕ್ಟ್ರಾ? ನೀನು ಡಾಕ್ಟ್ರಾ?"

"ಮಾರ್ಚ್‌ನಲ್ಲಿ ಬರೆದಾಗಲೂ ಅಲ್ಲ."

ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸಿದರು. ನಮ್ಮದೇ ಲೇತ್‌ನದ್ದು, ಹಸಿರು ಅರಗು.

"ನೋಡು, ಇಷ್ಟು ವರ್ಷ ಮನೆಯವಳ ಥರ ಇದ್ದೀಯ. ರೂಮಿನ ಗಾಳಿ ಸರಿ ಇಲ್ಲ ಅಂತ ಒಂದು ಕಾಗದ ಆಚೆ ಹೋಯ್ತು ಅಂದ್ರೆ ಪಾರ್ಟಿ ಆರ್ಡರ್ ಕೀಳ್ತಾನೆ. ಆಮೇಲೆ ಆಫೀಸು ಅಂತ ಒಂದು ಯಾಕೆ ಬೇಕು ನಂಗೆ?"

ಕೋಪದಲ್ಲಿ ಹೇಳಲಿಲ್ಲ. ಟೀ ತರಿಸಲಾ ಎಂದೂ ಕೇಳಿದರು.

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 11

ಫೋನ್ ಮಾಡಿ ಫಿರೋಜಾಗೆ ಹೇಳಿದೆ. ನಿನ್ನ ಉಪವಾಸದಿಂದಲ್ಲ, ಆ ರೂಮಿನಿಂದ. ನಾನು ಯೋಚನೆ ಮಾಡದೆ ಬರೆದೆ. ಕ್ಷಮಿಸು ಅಂತ. ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿದ್ದೆ, ಆದರೂ ಮಾತು ಅಡ್ಡಾದಿಡ್ಡಿ ಹೋಯಿತು.

ಆಚೆ ಕಡೆ ಪ್ರೆಶರ್ ಕುಕ್ಕರ್ ಕೂಗಿ ನಿಂತಿತು.

"ನಂಗೊತ್ತಿತ್ತು ಮೇಡಂ. ಭಾನುವಾರದ್ದು ಹೇಳಿದ್ನಲ್ಲ."

"ಹೌದು, ನೀನು ಹೇಳಿದ್ದೆ."

"ಹನ್ನೊಂದು ರೋಜಾ. ಬಿಟ್ಟ ತಾರೀಕು ಕ್ಯಾಲೆಂಡರ್ನಲ್ಲಿ ಗುರುತು ಮಾಡ್ಕಂಡಿವ್ನಿ. ಮುಂದಿನ ರಂಜಾನ್ ಫೆಬ್ರವರಿಗೇ ಬಂದ್ಬುಡ್ತದೆ. ಅಷ್ಟರೊಳಗೆ ತೀರಿಸ್ಬೇಕು. ಅತ್ತೆ ಬಿಡಲ್ಲ."

"ನಾನು ಬಂದು ಅವರಿಗೆ ಹೇಳ್ತೀನಿ."

"ಅವತ್ತು ಬಂದಿದ್ರಲ್ಲ."

ಅವಳೇ ಮುಂದುವರಿಸಿದಳು.

"ಬಾಯಲ್ಲಿ ಹೇಳಿದ್ದು ಬ್ಯಾಡ ಮೇಡಂ. ಆ ಪೇಪರ್ನ ಅತ್ತೆ ಪ್ಲಾಸ್ಟಿಕ್ ಕವರ್ನಾಗೆ ಮಡಗವ್ರೆ, ರೇಷನ್ ಕಾರ್ಡ್ ಜೊತೆ. ಅದ್ರ ಮೇಲೆ ಮಡಗೋ ಹಂಗೆ ಇನ್ನೊಂದು ಬರ್ಕೊಡಿ. ಕನ್ನಡದಾಗೆ. ನಾನೇ ಓದಿ ಹೇಳ್ತೀನಿ."

ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನು ಕಾದೆ, ನಾಚಿಕೆಯಿಲ್ಲದೆ. ಕುಕ್ಕರ್ ಇಳಿಸ್ಬೇಕು ಎಂದು ಇಟ್ಟುಬಿಟ್ಟಳು.

ಸೆಪ್ಟೆಂಬರ್ 6, ಶನಿವಾರ. ಸಂಜೆ 5.50

ಬರೆದೆ. ಮೂರು ಸಲ ಹರಿದೆ. ಮೊದಲನೆಯದರಲ್ಲಿ 'ಇರಬಹುದು' ಎಂಬ ಮಾತು ಐದು ಕಡೆ ಇತ್ತು. ಎರಡನೆಯದರಲ್ಲಿ ಓನರ್ ಹೇಳಿದ್ದಕ್ಕೆ ಮಾಡಿದೆ ಎಂದಿತ್ತು. ಮೂರನೆಯದು ನನ್ನ ಪಶ್ಚಾತ್ತಾಪದ ಬಗ್ಗೆಯೇ ಒಂದು ಪುಟ. ಅವಳ ಅತ್ತೆಗೆ ಅದರಿಂದ ಏನಾಗಬೇಕು.

ಕೊನೆಗೆ ಒಂಬತ್ತು ಸಾಲು. ತಲೆನೋವು ಬಂದದ್ದು ಮುಚ್ಚಿದ ಕೋಣೆಯಲ್ಲಿ ಥಿನ್ನರ್ ಬೆರೆಸಿದ ಬಣ್ಣ ಹಚ್ಚುವಾಗ. ಉಪವಾಸವಿದ್ದ ಭಾನುವಾರಗಳಂದು ಬಂದಿಲ್ಲ. ಉಪವಾಸ ಬಿಟ್ಟ ಹನ್ನೊಂದು ದಿನವೂ ಬಂದಿದೆ. ಅದೇ ಕೋಣೆಯ ಪಕ್ಕ ಕೂತ ನನಗೂ ಬರುತ್ತದೆ, ನಾನು ಉಪವಾಸ ಮಾಡಿಲ್ಲ. ಹಿಂದಿನ ಕಾಗದದಲ್ಲಿ ಕಾರಣ ಬರೆದವಳು ನಾನು, ವಿಚಾರಿಸದೆ ಬರೆದೆ, ಅದು ತಪ್ಪು. ಫಿರೋಜಾಳ ಆರೋಗ್ಯದಲ್ಲಿ ನನಗೆ ತಿಳಿದಂತೆ ಯಾವ ಕೊರತೆಯೂ ಇಲ್ಲ. ಕೆಳಗೆ ಪೂರ್ತಿ ಹೆಸರು, ಹುದ್ದೆ, ಸಹಿ. ಯೂನಿಟ್‌ನ ಸೀಲ್ ಇಲ್ಲ. ಅದು ಓನರ್ ಡ್ರಾಯರಿನಲ್ಲಿದೆ.

ಲೋಕೇಶ್ ಓದಿದರು. ತಮಾಷೆ ಮಾಡಲಿಲ್ಲ. "ಕೆಲಸ ಹೋಗ್ತದೆ ಕಣೇ" ಅಂದರು. ಆಮೇಲೆ, "ಐದನೇ ಸಾಲಲ್ಲಿ ಒಂದು ಅಕ್ಷರ ಬಿಟ್ಟಿದ್ದೀಯ" ಎಂದು ಪೆನ್ನು ಕೊಟ್ಟರು.

ಎರಡು ಕವರ್. ಒಂದು ಫಿರೋಜಾಗೆ. ಇನ್ನೊಂದು, ಅದರದೇ ನಕಲು, ಕಾರ್ಮಿಕ ಇಲಾಖೆಗೆ — ಆ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ. ಕೈಯಲ್ಲಿ ಕೊಡುವುದಿಲ್ಲ. ಕೈಯಲ್ಲಿ ಕೊಡಲು ಹೋದರೆ ಟೀ ಕುಡಿದು ಬರುತ್ತೇನೆ. ಸ್ಪೀಡ್ ಪೋಸ್ಟ್ ಆದರೆ ರಸೀತಿ ಸಿಗುತ್ತದೆ, ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಇವತ್ತು ಅಂಚೆ ಕಚೇರಿ ಮುಚ್ಚಿದೆ. ನಾಳೆ ಭಾನುವಾರ. ಮನಸ್ಸು ಬದಲಾಯಿಸಲು ನನಗೆ ಇಡೀ ಒಂದು ದಿನ. ನನ್ನನ್ನು ನಾನು ಬಲ್ಲೆ, ಅದಕ್ಕೇ ತಾರೀಕು ಬರೆದಿಡುತ್ತಿದ್ದೇನೆ.

ಸೋಮವಾರ, ಸೆಪ್ಟೆಂಬರ್ 8. ಕೌಂಟರ್ ತೆರೆಯುವ ಹೊತ್ತಿಗೆ, ಕೆಲಸಕ್ಕೆ ಹೋಗುವ ಮುಂಚೆ, ಎರಡೂ ಕವರ್ ಹಾಕುತ್ತೇನೆ.